ಮುಖ ಬರೆಯುವ ಮೊದಲು

ಮೊನ್ನೆ ಕೋಪರಖೈರಣೆಯಲ್ಲಿ ನಮ್ಮ ಮನೆಯ ಕೆಳಗಿನ ಸ್ಟೇಶನರಿ ಅಂಗಡಿಯವರು ಅಟ್ಟದ ಮೇಲಿನ ಹಳೆಯ ಸಾಮಾನನ್ನು ಇಳಿಸಿ ಒರೆಸುತ್ತಿದ್ದರು. ಅದರ ನಡುವೆ ಚೌಕಾಕಾರದ ಪುಟ್ಟ ಗಾಜಿನ ಶೀಶೆಯೊಂದು ಕಂಡಿತು. ಬಿರಡೆ ತಿರುಗಿಸಿ ಮೂಗಿನ ಹತ್ತಿರ ಹಿಡಿದೆ. ಅರಗು ಮತ್ತು ಕರ್ಪೂರ ಬೆರೆತಂಥ, ತುಸು ಔಷಧಿಯಂಥ ಆ ವಾಸನೆಗೆ ನಲವತ್ತು ವರ್ಷಕ್ಕೂ ಹಿಂದಿನ ಒಂದು ಭಾನುವಾರ ಇಡಿಯಾಗಿ ಎದ್ದು ಬಂತು. ಅದು ಇಂಡಿಯನ್ ಇಂಕು, ನಕ್ಷೆ ಬರೆಯುವವರ ಕಪ್ಪು ಮಸಿ. ನನ್ನ ಬಾಲ್ಯದ ಮನೆಗೆ ಬೇರೆ ಯಾವ ವಾಸನೆಯೂ ಇಷ್ಟು ನಿಷ್ಠೆಯಿಂದ ಕಾವಲಿದ್ದಿಲ್ಲ. ಸಭೆಗಳಲ್ಲಿ, ಮನವಿಗಳಲ್ಲಿ, ಜಗಳಗಳಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವಳು ನಾನು. ಯಾವ ವಿಷಯ ಕೊಟ್ಟರೂ ಪರವಾಗಿ ಐದು, ವಿರುದ್ಧವಾಗಿ ಐದು ಅಂಶ ಹೇಳಬಲ್ಲೆ ಎಂಬ ಹೆಮ್ಮೆ ಕಾಲೇಜಿನ ದಿನಗಳಿಂದಲೂ ಇದೆ. ಆದರೆ ಈ ವಾಸನೆಯ ಎದುರು ಮಾತ್ರ ನಾನು ಎಂದೂ ಗೆದ್ದಿಲ್ಲ.

ವಿಠ್ಠಲವಾಡಿಯಲ್ಲಿ ರೈಲುಹಳಿಗೆ ಬೆನ್ನು ಮಾಡಿ ನಿಂತಿದ್ದ ಎರಡಂತಸ್ತಿನ ಚಾಳಿನಲ್ಲಿ ನಮಗೆ ಎರಡು ಕೋಣೆಗಳಿದ್ದವು. ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಮ್ಮ ಶ್ರೀಪಾದ ಕಾಕಾ. ವಿಜಯಪುರದ ಕಡೆಯಿಂದ ಬಂದ ನಮ್ಮಂಥವರು, ಕಲಬುರ್ಗಿ ರಾಯಚೂರಿನವರು, ಮರಾಠಿ ಮಂದಿ, ಎಲ್ಲರೂ ಒಂದೇ ಜಿನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆವು. ಕಾಕಾ ರಬಾಳೆಯ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ವಾರದ ಆರು ದಿನ ಯಂತ್ರದ ಹಲ್ಲು, ತಿರುಪು, ಕೊಳವೆಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಬರೆಯುವ ಅದೇ ಕೈ, ಏಳನೆಯ ದಿನ ಮನುಷ್ಯರನ್ನು ಸೊಟ್ಟಗೆ ಬರೆದು ಸೇಡು ತೀರಿಸಿಕೊಳ್ಳುತ್ತಿತ್ತು. ಭಾನುವಾರ ಬೆಳಿಗ್ಗೆ ಹಿಟ್ಟಿನ ಡಬ್ಬಿಯ ಮೇಲೆ ಹಲಗೆಯನ್ನು ಅಡ್ಡವಿಟ್ಟು ಕೂರುತ್ತಿದ್ದ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು, ಹೊರಗೆ ಕಾಕಾನ ನಿಬ್ಬು ಕಾಗದವನ್ನು ಕೆರೆಯುವ ಸದ್ದು, ಅವೆರಡನ್ನೂ ಆಗಾಗ ನುಂಗಿ ಹೋಗುವ ಲೋಕಲ್ ಗಾಡಿ. ಮೂರರ ತಾಳ ನನ್ನ ಕಿವಿಯಲ್ಲಿ ಇನ್ನೂ ಬೇರೆಬೇರೆಯಾಗಿಲ್ಲ.

ಜಿನೆಯ ಬುಡದಲ್ಲಿ ಗಣೇಶೋತ್ಸವ ಮಂಡಳದ ಪ್ಲೈವುಡ್ ಹಲಗೆಯೊಂದಿತ್ತು. ಉತ್ಸವ ಮುಗಿದ ಮೇಲೆ ಅದು ವರ್ಷವಿಡೀ ನಮ್ಮ ಗೋಡೆಪತ್ರಿಕೆ. ಮೇಲರ್ಧದಲ್ಲಿ ಕಾಕಾನ ವ್ಯಂಗ್ಯಚಿತ್ರ. ಕೆಳಗೆ ‘ಚಿತ್ರಲೋಕದ ವರ್ತಮಾನ’ ಎಂಬ ಅಂಕಣ; ಸಿನಿಮಾದ್ದಲ್ಲ, ವ್ಯಂಗ್ಯಚಿತ್ರಗಾರರ ಲೋಕದ್ದು. ಮೂರು ಭಾಷೆಯ ಪತ್ರಿಕೆಗಳನ್ನು ಹುಡುಕಿ ಕಾಕಾ ಸುದ್ದಿ ಆಯುತ್ತಿದ್ದ, ನಾನು ಕನ್ನಡದಲ್ಲೂ ಮರಾಠಿಯಲ್ಲೂ ದುಂಡಗೆ ಬರೆಯುತ್ತಿದ್ದೆ. ಯಾವುದೋ ನಗೆ ಮಾಸಿಕ ನಿಂತುಹೋಯಿತು; ಯಾರೋ ಚಿತ್ರಕಾರರು ಸಂಪಾದಕರು ಅಡಿಬರಹ ತಿದ್ದಿದರೆಂದು ಕೆಲಸ ಬಿಟ್ಟರು; ದೀಪಾವಳಿ ಸಂಚಿಕೆಗಳು ಚಿತ್ರ ಕರೆದಿವೆ; ಸ್ಟೇಶನ್ ಹೊರಗಿನ ಅಂಗಡಿಯಲ್ಲಿ ಬಾಡಿಗೆಗೆ ಹೊಸ ಕಾಮಿಕ್ಸ್ ಬಂದಿವೆ. ಅಪ್ಪ ಚಹಾ ಕುಡಿಯುತ್ತ ಕೆಣಕುತ್ತಿದ್ದ: “ನಮ್ಮ ಬಳಗದಾಗ ಯಾರ ಲಗ್ನ ಅದ ಅಂತ ಇವಗ ಗೊತ್ತಿಲ್ಲ. ದಿಲ್ಲ್ಯಾಗ ಯಾವ ಚಿತ್ರಗಾರಗ ನೆಗಡಿ ಬಂದದ ಅನ್ನೂದು ಗೊತ್ತು!” ತುರ್ತುಪರಿಸ್ಥಿತಿ ಬಂದಾಗ ಪತ್ರಿಕೆಯೊಂದು ಖಾಲಿ ಚೌಕ ಬಿಟ್ಟು ಅಚ್ಚಾಗಿತ್ತು. ಕಾಕಾ ಆ ಪುಟವನ್ನು ಏನೂ ಬರೆಯದೆ ಹಲಗೆಗೆ ಚುಚ್ಚಿದ. ಜನ ಅದರ ಮುಂದೆ ನಿಂತು, ಏನೋ ಓದಿದವರಂತೆ ತಲೆಯಾಡಿಸಿ ಹೋದರು. ನನಗಾಗ ಹನ್ನೆರಡು ವರ್ಷ. ಖಾಲಿ ಜಾಗವೆಂದರೆ ಯಾರೋ ಬಾಯಿ ಮುಚ್ಚಿಸಿದ ಜಾಗ ಎಂದು ಅಂದೇ ಗಟ್ಟಿಯಾಗಿ ನಂಬಿಬಿಟ್ಟೆ.

ಕಾಕಾನಿಗೆ ಮಾತ್ರ ಬೇರೊಂದು ಖಾಲಿಜಾಗದ ಪದ್ಧತಿಯಿತ್ತು. ಚಾಳಿನ ಯಾರನ್ನೇ ಬರೆಯಲಿ, ಮೈ, ಕೈ, ಧೋತರ, ಚಪ್ಪಲಿ ಎಲ್ಲ ಮುಗಿಸಿ ಮುಖವೊಂದನ್ನು ಬಿಡುತ್ತಿದ್ದ. ಆಮೇಲೆ ಹಾಳೆಯನ್ನು ಆ ಮನುಷ್ಯನ ಮುಂದೆ ಹಿಡಿಯುತ್ತಿದ್ದ. ನಕ್ಕರೆ, ಆ ನಗು ಇಳಿಯುವ ಮೊದಲೇ ಅಲ್ಲೇ ಕೂತು ಮುಖ ಬರೆಯುತ್ತಿದ್ದ. ನಗದಿದ್ದರೆ ಹಾಳೆಯನ್ನು ಸುತ್ತಿ ಗೂಟದ ಮೇಲಿನ ತಗಡಿನ ಕೊಳವೆಗೆ ಸೇರಿಸುತ್ತಿದ್ದ. ಹೀಗಾಗಿ ನಮ್ಮ ಹಲಗೆಯ ಮೇಲೆ ಎಲ್ಲರೂ ನಗುತ್ತಲೇ ಇದ್ದರು. ಒಂದೇ ಚಪ್ಪಲಿಯಲ್ಲಿ ಗಾಡಿಯ ಹಿಂದೆ ಓಡುವ ಅಪ್ಪನೂ ನಗುತ್ತಿದ್ದ. “ಹೊಟ್ಟಿ ಇಷ್ಟಿಲ್ಲೋ ನಂದು, ಕಡಿಮಿ ಮಾಡು!” ಎಂದು ಅಪ್ಪ ಅಂಗಲಾಚುವಾಗ ಕಾಕಾ, “ಅಲ್ಲಾಡಬ್ಯಾಡ, ಹಲ್ಲು ಬರಿಲಿಕ್ಹತ್ತೀನಿ” ಎನ್ನುತ್ತಿದ್ದ.

ತುರ್ತುಪರಿಸ್ಥಿತಿ ಮುಗಿದ ಮೊದಲ ಬೇಸಿಗೆ. ಚಾಳಿನ ಅಂಗಳದಲ್ಲಿ ಎರಡು ನಳಗಳಿದ್ದವು. ಒಂದು ಕೆಟ್ಟು ವರ್ಷಗಳಾಗಿದ್ದವು, ಮಾಲೀಕ ಅತ್ತ ತಿರುಗಿ ನೋಡಿರಲಿಲ್ಲ. ಇನ್ನೊಂದರ ಕೀಲಿ ಶಾಂತಾ ಮಾವಶಿಯ ಸೆರಗಿನ ಗಂಟಿನಲ್ಲಿತ್ತು. ನಮ್ಮ ಬಳಗದವಳಲ್ಲ, ಇಡೀ ಚಾಳಿಗೇ ಮಾವಶಿ, ಅಂದರೆ ಚಿಕ್ಕಮ್ಮ; ರಾಯಚೂರಿನ ಕಡೆಯ ವಿಧವೆ. ಕೆಳಗಿನ ಕೋಣೆಯಲ್ಲಿ ಒಬ್ಬಳೇ ಇದ್ದು, ಹಪ್ಪಳ ಮಾಡಿ ಮಾರುತ್ತಿದ್ದಳು. ಬೆಳಿಗ್ಗೆ ಐದಕ್ಕೆ ನಳ ತೆರೆದು ಸರದಿ ನಡೆಸುವುದು ಅವಳ ಕೆಲಸ, ಬಹುಶಃ ಅವಳ ಏಕೈಕ ಅಧಿಕಾರ. ಸರದಿಯ ಮೊದಲು ತನ್ನ ಎರಡು ಬಕೆಟ್ ಹೆಚ್ಚಿಗೆ ತುಂಬಿಕೊಳ್ಳುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಅದು ಸುಳ್ಳೂ ಆಗಿರಲಿಲ್ಲ. ಕಾಕಾ ಅವಳನ್ನು ಬಕೆಟ್ಟುಗಳ ಸಾಲಿನ ಮೇಲೆ ಕೂತ ಎಂಟು ಕೈಯ ದೇವಿಯನ್ನಾಗಿ ಬರೆದಿದ್ದ. ಒಂದು ಕೈಯಲ್ಲಿ ಕೀಲಿ, ಏಳರಲ್ಲಿ ತುಳುಕುವ ಕೊಡ. ಮುಖ ಮಾತ್ರ ಖಾಲಿ.

“ಮಾವಶಿಗೆ ತೋರಸೂದಿಲ್ಲೇನು?” ಎಂದೆ.

“ಈಗಲ್ಲ. ಕೊಡ ಖಾಲಿ ಇದ್ದಾಗ ಯಾರಿಗೂ ನಗು ಬರಂಗಿಲ್ಲ. ಮಳಿ ಬರಲಿ.”

“ಅಂದ್ರ ನಿನಗ ಅಂಜಿಕಿ.”

“ಹೌದ್ರೀ ವಕೀಲಬಾಯಿ,” ಎಂದು ಕಾಕಾ ನಿಬ್ಬು ಒರೆಸಿಕೊಂಡ. ನನ್ನನ್ನು ಅವನು ಕರೆಯುತ್ತಿದ್ದುದೇ ಹಾಗೆ.

ಅದೇ ವಾರ ನಾನು ಬೇಸಿಗೆಯ ಭಾಷಣ ಸ್ಪರ್ಧೆಯಲ್ಲಿ ‘ವಿಡಂಬನೆಗೆ ಅಪ್ಪಣೆ ಬೇಕಿಲ್ಲ’ ಎಂದು ವಾದಿಸಿ ಬಹುಮಾನ ತಂದಿದ್ದೆ. ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಭಾನುವಾರ ಕಾಕಾನಿಗೆ ಓವರ್‌ಟೈಮ್ ಬಂತು, ಹಲಗೆ ಖಾಲಿ ಉಳಿಯುವುದರಲ್ಲಿತ್ತು. ಕೊಳವೆಯಿಂದ ಹಾಳೆ ತೆಗೆದೆ. ಶೀಶೆಯ ಬಿರಡೆ ತಿರುಗಿಸಿದೆ. ಅಲ್ಲಿಯವರೆಗೆ ಒಂದು ಮುಖವನ್ನೂ ಸರಿಯಾಗಿ ಬರೆಯಲಾಗದ ನನ್ನ ಕೈಗೆ ಅಂದು ಯಾವ ಶನಿ ಹೊಕ್ಕಿತ್ತೋ ತಿಳಿಯದು. ನಳದ ಮುಂದೆ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು ನಿಲ್ಲುವ ಮಾವಶಿ ನಾಲ್ಕೇ ಗೆರೆಗಳಲ್ಲಿ ಬಂದು ಕೂತಳು. ನನಗೇ ಬೆರಗಾಯಿತು. ಸತ್ಯ ಬರೆದೆ ಎಂಬ ಹಿಗ್ಗಿನಲ್ಲಿ ಓಡಿಹೋಗಿ ಚುಚ್ಚಿ ಬಂದೆ.

ಮೊದಲು ಜಿನೆ ಇಳಿದ ಮರಾಠಿ ಹೆಂಗಸು, “ಅಗ ಬಾಯೀ! ಹೀ ತರ್ ಆಪಲೀ ಮಾವಶೀ!” ಇವಳು ನಮ್ಮ ಮಾವಶಿಯೇ, ಎಂದು ಬಾಯಿಗೆ ಸೆರಗು ಹಿಡಿದಳು. ಗಂಟೆಯೊಳಗೆ ಇಡೀ ಚಾಳು ಅಲ್ಲಿ ನೆರೆದು, ನಗು ಬಯ್ಗುಳವಾಯಿತು, ಬಯ್ಗುಳ ತೀರ್ಮಾನವಾಯಿತು: ಇನ್ನು ಕೀಲಿ ಒಬ್ಬರ ಹತ್ತಿರ ಬೇಡ, ವಾರಕ್ಕೊಂದು ಮನೆಗೆ ಸರದಿಯಂತೆ ಹೋಗಲಿ. ನಾನು ಗ್ಯಾಲರಿಯ ಕಟಕಟೆಗೆ ಆತು ನಿಂತು, ಒಂದು ಚಿತ್ರದಿಂದ ನ್ಯಾಯ ಹುಟ್ಟುವುದನ್ನು ಕಣ್ಣಾರೆ ಕಂಡೆ ಎಂದುಕೊಂಡೆ. ಮಾವಶಿ ಗುಂಪಿನ ಹಿಂದೆ ನಿಂತು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಯಾರೂ ಜಾಗ ಬಿಡಲಿಲ್ಲ, ಅವಳು ಕೇಳಲೂ ಇಲ್ಲ.

ಸಂಜೆ ಕಾಕಾ ಬಂದು ಬೂಟು ಬಿಚ್ಚುತ್ತಿದ್ದಾಗ ಅವಳು ನಮ್ಮ ಹೊಸ್ತಿಲಿಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಕೀಲಿಯನ್ನು ಹೊಸ್ತಿಲ ಮೇಲಿಟ್ಟಳು. “ಶ್ರೀಪಾದ, ಎಲ್ಲಾರಿಗೂ ಕೇಳ್ತಿದ್ದಿ. ನನಗೊಬ್ಬಾಕಿಗೆ ಕೇಳಲಿಲ್ಲಲ್ಲೋ.”

ಕಾಕಾ ನನ್ನತ್ತ ನೋಡಿದ. ನನ್ನ ಬಲಗೈಯ ಬೆರಳಿನ ತುದಿ ಕಪ್ಪಾಗಿತ್ತು, ನಾನದನ್ನು ಲಂಗದ ನೆರಿಗೆಯಲ್ಲಿ ಮುಚ್ಚಿಕೊಂಡೆ. ಒಂದು ಗಾಡಿ ಹಾದುಹೋಯಿತು. ಅದು ಹೋದ ಮೇಲೆ ಕಾಕಾ, “ತಪ್ಪಾತು ಮಾವಶಿ,” ಎಂದ. ಅಷ್ಟೇ. ವೇದಿಕೆಯ ಮೇಲೆ ಏಳು ನಿಮಿಷ ತಡವರಿಸದೆ ಮಾತಾಡಿದ್ದ ನನಗೆ ‘ನಾನು’ ಎಂಬ ಎರಡಕ್ಷರ ಹೊರಡಲಿಲ್ಲ.

ಓದುವ ನೀವೂ ನ್ಯಾಯದ ಪರವಾಗಿಯೇ ಇರುವವರಾದರೆ, ನನ್ನೊಡನೆ ಇದನ್ನು ಒಮ್ಮೆ ತೂಗಿ ನೋಡಬೇಕು. ಆ ಚಿತ್ರದಿಂದ ಅನ್ಯಾಯವಾಯಿತೆಂದು ನಾನು ಹೇಳಲಾರೆ. ಸರದಿ ನಿಜಕ್ಕೂ ಸರಿಯಾಯಿತು. ಅದುವರೆಗೆ ಸರದಿಯ ಕೊನೆಯಲ್ಲಿ ಬರಿಗೊಡ ಒಯ್ಯುತ್ತಿದ್ದ ಮೇಲಿನ ಮನೆಯ ಬಾಣಂತಿಗೂ ನೀರು ಸಿಕ್ಕಿತು. ಆದರೆ ಕೆಟ್ಟ ನಳ ಕೆಟ್ಟೇ ಇತ್ತು. ಅದನ್ನು ಕೆಡಿಸಿಟ್ಟ ಮಾಲೀಕನ ಮುಖ ನಮ್ಮ ಹಲಗೆಗೆ ಎಂದೂ ಬರಲಿಲ್ಲ, ನನಗೆ ಹೊಳೆಯಲೂ ಇಲ್ಲ. ಕೈಗೆ ಹತ್ತಿರದಲ್ಲಿದ್ದ ಬಡ ಮುಖವನ್ನು ಬರೆದೆ. ಇಷ್ಟು ವಾದಿಸಿದ ಮೇಲೂ ಮನಸ್ಸು ನಿಲ್ಲುವುದಿಲ್ಲ. ಬರೆಯದೆ ಬಿಟ್ಟಿದ್ದರೆ ಆ ಬೇಸಿಗೆಯ ಬಾಣಂತಿಗೆ ನಾನು ಏನು ಉತ್ತರ ಕೊಡುತ್ತಿದ್ದೆ?

ಮಳೆ ಬರುವ ಮೊದಲೇ ಮಾವಶಿ ಕಲ್ಯಾಣದ ತಂಗಿಯ ಮನೆಗೆ ಹೋದಳು. ಕಾಕಾ ಮುಂದಿನ ಭಾನುವಾರವೂ ಹಲಗೆ ಹಿಡಿದು ಕೂತ. ಆದರೆ ಅವನ ಕಣ್ಣು ತಮ್ಮ ಮೇಲೆ ಬಿದ್ದೊಡನೆ ಜನ ಮುಖ ಅತ್ತ ತಿರುಗಿಸತೊಡಗಿದರು. ‘ನಮ್ಮನ್ನ ಬರೀಬ್ಯಾಡಪಾ’ ಎಂದು ಯಾರೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ಕ್ರಮೇಣ ಹಲಗೆಯ ಮೇಲರ್ಧ ಖಾಲಿ ಉಳಿದು, ಕೆಳಗೆ ಚಿತ್ರಲೋಕದ ವರ್ತಮಾನ ಮಾತ್ರ ಬರುತ್ತಿತ್ತು. ಎಲ್ಲೆಲ್ಲಿಯೋ ಯಾರ್ಯಾರೋ ಬರೆಯುತ್ತಿದ್ದ ಸುದ್ದಿಯನ್ನು, ಬರೆಯುವುದು ಬಿಟ್ಟವನು ಹೇಳಿ ಬರೆಸುತ್ತಿದ್ದ. ಆಮೇಲೆ ಅದೂ ನಿಂತಿತು. ನನ್ನನ್ನು ಕಾಕಾ ಒಂದು ಮಾತೂ ಬಯ್ಯಲಿಲ್ಲ. ವಕೀಲಬಾಯಿ ಎಂದು ಕರೆಯುವುದನ್ನು ಮಾತ್ರ ಬಿಟ್ಟ.

ಕಾಲೇಜಿಗೆ ಹೋಗುವಾಗ ಒಮ್ಮೆ, ಕ್ಷಮೆಯ ಮಾತುಗಳನ್ನು ಅಂಶ ಅಂಶವಾಗಿ ಜೋಡಿಸಿಕೊಂಡು ಕಲ್ಯಾಣಕ್ಕೆ ಹೋದೆ. ಮಾವಶಿ ಹಪ್ಪಳ ಸುಟ್ಟು ಚಹಾ ಕೊಟ್ಟಳು. “ಕಾಕಾ ಇನ್ನೂ ಚಿತ್ರಾ ಬರೀತಾನೇನು?” ಎಂದಳು.

“ಇಲ್ಲ.”

“ಹುಚ್ಚ. ಅದು ಅವನ ಕೈ ಅಲ್ಲ ಅಂತ ನನಗ ಆವತ್ತೇ ಗೊತ್ತಾಗಿತ್ತು. ಅವ ಯಾವತ್ತರ ನಗಲಾರದ ಮಾರಿ ಬರದಾನೇನು? ಆದ್ರ ಅವನೇ ‘ತಪ್ಪಾತು’ ಅಂದ. ಅಂದ ಮ್ಯಾಲ ನಾ ಏನ್ ಅನ್ಲಿ?” ಯಾರ ಕೈ ಎಂದು ಅವಳು ಕೇಳಲಿಲ್ಲ. ಕೇಳುವಳೆಂದು ಕಾಯುತ್ತ ಚಹಾ ಮುಗಿಸಿದೆ. ಜೋಡಿಸಿಕೊಂಡು ಹೋದ ಅಂಶಗಳನ್ನೆಲ್ಲ ಹಾಗೆಯೇ ಹೊತ್ತು ಅದೇ ದಾರಿಯಲ್ಲಿ ಮರಳಿದೆ.

ಕಾಕಾ ಎಂಬತ್ತರ ದಶಕದ ನಡುವೆ ತೀರಿಕೊಂಡ. ಮರುವರ್ಷ ಚಾಳು ಕೆಡವಲು ಬಂದರು, ನಾವು ಕೋಪರಖೈರಣೆಗೆ ಬಂದೆವು. ಸಾಮಾನು ಕಟ್ಟುವಾಗ ತಗಡಿನ ಕೊಳವೆಯನ್ನು ಅವ್ವ ನನ್ನ ಕೈಗೆ ಕೊಟ್ಟಳು. ಅದರೊಳಗಿದ್ದ ಮುಖವಿಲ್ಲದ ಮಂದಿಯಲ್ಲಿ ಕೊನೆಯ ಹಾಳೆ, ಕಾಕಾ ಬರೆದ ನನ್ನ ಚಿತ್ರ. ಸ್ಟೂಲಿನ ಮೇಲೆ ಹತ್ತಿ, ಸುರುಳಿ ಸುತ್ತಿದ ಪತ್ರಿಕೆಯನ್ನು ಕತ್ತಿಯಂತೆ ಎತ್ತಿ ಭಾಷಣ ಮಾಡುವ ಎರಡು ಜಡೆಯ ಹುಡುಗಿ. ಅವಳ ಮುಂದೆ ಶ್ರೋತೃಗಳಾಗಿ ಸಾಲಾಗಿ ಕೂತ ಖಾಲಿ ಕೊಡಗಳು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ: ‘ಮಳಿ ಬಂದ ಮ್ಯಾಲೆ ತೋರಸೂದು.’ ಅಂದು ಅದನ್ನು ನೋಡಲಾಗದೆ ಮಡಿಚಿಟ್ಟಿದ್ದೆ.

ಮೊನ್ನೆ ಆ ಶೀಶೆಯನ್ನೂ ಒಂದು ನಿಬ್ಬನ್ನೂ ಕೊಂಡು ತಂದು, ಹಾಳೆಯನ್ನು ಮತ್ತೆ ಮೇಜಿನ ಮೇಲೆ ಹರಡಿದೆ. ಎಷ್ಟು ಗಂಭೀರವಾಗಿ ಕೇಳುತ್ತಿವೆ ಆ ಕೊಡಗಳು! ಒಂದು ಕೊಡ ಆಕಳಿಸುತ್ತಿರುವುದು ಅಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಬ್ಬಳೇ ಇದ್ದ ಮನೆಯಲ್ಲಿ ನನಗೆ ನಗು ಬಂತು, ತಡೆಯಲಾರದಷ್ಟು ಬಂತು. ನಗು ಇಳಿಯುವ ಮೊದಲೇ ಮುಖ ಬರೆಯಬೇಕೆಂಬುದು ಕಾಕಾನ ಪದ್ಧತಿ. ಶೀಶೆಯಲ್ಲಿ ಮಸಿ ಇನ್ನೂ ಹಸಿಯಾಗಿತ್ತು, ನಿಬ್ಬೂ ಕೈಗೆಟುಕುವಲ್ಲಿಯೇ ಇತ್ತು. ಅವನ ಹಾಳೆಗೆ ಒಮ್ಮೆ ನಾನು ಮುಖ ಬರೆದದ್ದು ಸಾಕಿತ್ತು; ಬಿರಡೆ ಮುಚ್ಚಿ, ಹಾಳೆಯನ್ನು ಇದ್ದಂತೆಯೇ ಸುತ್ತಿ ಕೊಳವೆಗೆ ಸೇರಿಸಿದೆ.