ಇಬ್ಬರು ಓದಿದ ಕಾದಂಬರಿ

ತೊಂಬತ್ತರ ದಶಕದಲ್ಲಿ, ಭದ್ರಾವತಿಯಿಂದ ಶಿವಮೊಗ್ಗಕ್ಕೆ ಮರಳುವ ಮಧ್ಯಾಹ್ನದ ಬಸ್ಸಿನಲ್ಲಿ ದಿನಕ್ಕೆ ಇಪ್ಪತ್ತು ಪುಟ ಓದುವುದಷ್ಟೇ ನನ್ನ ಗುರಿಯಾಗಿತ್ತು. ಒಂದು ಪತ್ತೇದಾರಿ ಕಾದಂಬರಿ ಶುರುಮಾಡಿದ ದಿನ, ಪಕ್ಕದಲ್ಲಿ ಕೂತಿದ್ದ ಕಾರ್ಖಾನೆ ಕೆಲಸಗಾರ ಪುಟದ ಮೇಲೆ ಬೆರಳಿಟ್ಟ.

"ಸ್ವಲ್ಪ ತಡೀರಿ ಸಾರ್, ನಂದಿನ್ನೂ ನಾಲ್ಕು ಸಾಲಿದೆ."

ಆ ವಾರವಿಡೀ ಇಬ್ಬರೂ ಒಟ್ಟಿಗೇ ಓದಿದೆವು, ಹೆಸರು ಕೇಳಿಕೊಳ್ಳಲಿಲ್ಲ. ಕೊನೆಯ ಅಧ್ಯಾಯ ಬಾಕಿಯಿರುವಾಗ ಅವನ ಶಿಫ್ಟ್ ಬದಲಾಯಿತು. ಅವನನ್ನು ಬಿಟ್ಟು ಓದಲು ಮನಸ್ಸಾಗದೆ ಪುಸ್ತಕವನ್ನು ಎರಡು ವಾರ ಬ್ಯಾಗಿನಲ್ಲೇ ಹೊತ್ತು ತಿರುಗಿದೆ.

ಮೂರನೇ ವಾರ ಅವನು ಬಂದ. ನಾನು ಉತ್ಸಾಹದಿಂದ ಪುಸ್ತಕ ತೆಗೆದೆ.

"ಇನ್ನೂ ಅಲ್ಲೇ ಇದ್ದೀರಾ ಮಾರಾಯ್ರೇ? ನಾನು ಲೈಬ್ರರೀಲಿ ಓದಿ ಮುಗಿಸ್ದೆ. ಕೊಂದಿದ್ದು ಆ ಡಾಕ್ಟ್ರೇ!"

ಪತ್ತೇದಾರಿ ಕಾದಂಬರಿ ಓದುವುದನ್ನು ಅಂದೇ ಬಿಟ್ಟೆ. ಪುಟ ತಿರುಗಿಸುವ ಮುನ್ನ ಪಕ್ಕಕ್ಕೊಮ್ಮೆ ನೋಡುವುದನ್ನು ಮಾತ್ರ ಈಗಲೂ ಬಿಡಲಾಗಿಲ್ಲ.