ಅಮ್ಮನ ತೊವ್ವೆಗೆ ಈರುಳ್ಳಿ ಸಿಪ್ಪೆ

ಹೈದರಾಬಾದಿನ ಗಲ್ಲಿಗಲ್ಲಿಯಲ್ಲೂ ಜನ ಜಾವಾ ಕಲಿಯುತ್ತಿದ್ದ ಕಾಲದಲ್ಲಿ ನಾನು ಈರುಳ್ಳಿ ಸಿಪ್ಪೆ ಕುದಿಸುತ್ತಿದ್ದೆ. ಸಂಶೋಧನಾಲಯದ ಕೆಲಸ. ಗಂಡ ಮಿಯಾಪುರದ ನಮ್ಮ ಹೊಸ ಫ್ಲಾಟಿನಿಂದ ಕಂಪನಿಯ ಕ್ಯಾಬಿನಲ್ಲಿ ಹೋಗುತ್ತಿದ್ದ, ನಾನು ಬಸ್ಸಿಗೆ ಜೋತುಬಿದ್ದು. ನೆಂಟರ ಬಾಯಲ್ಲಿ ಅವನು ಇಂಜಿನಿಯರ್, ನಾನು "ಅದೇನೋ ಸಿಪ್ಪೀದು ಮಾಡ್ತಾಳಂತ". ಆ ಉರಿ ನನಗಿತ್ತು, ಸುಳ್ಳೇಕೆ ಹೇಳಲಿ.

ಕೆಲಸವೇನೋ ಸೊಗಸಾಗಿತ್ತು. ತಟ್ಟೆಯಲ್ಲಿ ನರಕೋಶ ಬೆಳೆಸಿ ಮೇಲೆ ಪೆರಾಕ್ಸೈಡ್ ಹಾಕುವುದು. ಕೋಶ ಉಸಿರಾಡುವಾಗ ಹುಟ್ಟುವ ಪುಂಡ ಅಣುಗಳು ಮಿತಿಮೀರಿದರೆ ಏನಾಗುತ್ತದೋ ಅದೇ ಅಲ್ಲಿಯೂ ಆಗುತ್ತಿತ್ತು. ಉದ್ದ ಬಾಲ ಚಾಚಿದ್ದ ಕೋಶಗಳು ಮುದುಡಿ, ಉಂಡೆಯಾಗಿ ಸಾಯುತ್ತಿದ್ದವು. ಹಿಂದಿನ ದಿನವೇ ಸಿಪ್ಪೆಯ ಸತ್ವ, ಫ್ಲೇವನಾಯ್ಡ್, ಕೊಟ್ಟಿದ್ದರೆ ಎಷ್ಟೋ ಉಳಿಯುತ್ತಿದ್ದವು. ಅದು ತಾನೇ ಕಾದಾಡುವುದಕ್ಕಿಂತ ಕೋಶದೊಳಗೆ ಮಲಗಿದ್ದ ಕಾವಲನ್ನು ಎಬ್ಬಿಸುವುದೇ ಹೆಚ್ಚು. ಪೆರಾಕ್ಸೈಡ್ ಬಿದ್ದು ಕೋಶ ಸತ್ತ ಮೇಲೆ ಕೊಟ್ಟರೆ ಏನೂ ಇಲ್ಲ, ಸತ್ತದ್ದು ಸತ್ತಿತು. ಇದನ್ನು ಹತ್ತಾರು ಸಲ ಕಣ್ಣಾರೆ ನೋಡಿದ್ದೆ.

ಅಮ್ಮ ನಮ್ಮಲ್ಲೇ ಇದ್ದಳು. ಪಾರ್ಕಿನ್ಸನ್ ಕಾಯಿಲೆ. ಕೈ ನಡುಗಿ ತುತ್ತು ಬಾಯಿಗೆ ಹೋಗದು, ನಾನೇ ಕಲಸಿ ಉಣ್ಣಿಸಬೇಕು. ಮಡಿಯ ಹೆಂಗಸು, ನನ್ನ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ಉಣ್ಣಳು. ಕೈಗಿಂತ ಮೊದಲು ಮೂಗು ಹೋಗಿತ್ತು. ಒಗ್ಗರಣೆ ಸೀದದ್ದೂ ವಾಸನೆಯಿಂದ ತಿಳಿಯದ ದಿನ, "ಯಾರ ಮುಂದೂ ಹೇಳಬ್ಯಾಡವಾ" ಎಂದು ನನ್ನೊಬ್ಬಳಿಗೇ ಹೇಳಿ ಅತ್ತಿದ್ದಳು.

ಆ ವರ್ಷ ಆಷಾಢ ಬಂದದ್ದೇ ಚಾತುರ್ಮಾಸ ಹಿಡಿದಳು. ಮೊದಲ ತಿಂಗಳು ಶಾಕವ್ರತ, ಅಂದರೆ ಕಾಯಿಪಲ್ಲೆ, ಸೊಪ್ಪು ಒಂದೂ ಇಲ್ಲ. ಹೆಸರುಬೇಳೆ ತೊವ್ವೆ, ಅನ್ನ, ಮೊಸರು, ಅಷ್ಟೇ. ಈರುಳ್ಳಿಯಂತೂ ಹುಟ್ಟಿದಾಗಿನಿಂದ ಮುಟ್ಟಿದವಳಲ್ಲ.

"ಈ ವರ್ಷ ಸೊಪ್ಪಾದ್ರೂ ತಿನ್ನಮ್ಮ. ನರಕ್ಕ ಛಲೋ."

"ಮದುವ್ಯಾದಾಗಿಂದ ಹಿಡದೀನಿ. ಈಗ ನಿನ್ನ ಸಿಪ್ಪೀ ಸಲುವಾಗಿ ಬಿಡ್ಲೇನು?"

ನನ್ನ ಸಿಪ್ಪೆ! ಮೈಯೆಲ್ಲ ಉರಿದುಹೋಯಿತು. ಮರುದಿನವೇ ಸಂಶೋಧನಾಲಯದಲ್ಲಿ ಸಿಪ್ಪೆ ಒಣಗಿಸಿ, ನುಣ್ಣಗೆ ಪುಡಿಮಾಡಿ ಪೊಟ್ಟಣ ಕಟ್ಟಿ ತಂದೆ. ನೈವೇದ್ಯ ಮುಗಿದ ಮೇಲೆ ಅವಳ ತಟ್ಟೆಯ ತೊವ್ವೆಗಷ್ಟೇ ಚಿಟಿಕೆ ಹಾಕಿದೆ. ದೇವರಿಗೆ ಮೋಸವಿಲ್ಲ, ಅಮ್ಮನಿಗೆ ಮಾತ್ರ. ಹೋದ ಮೂಗು ನನಗೆ ಅನುಕೂಲವೇ ಆಯಿತು. ಅವಳು ಗೋವಿಂದ ಎಂದು ಬಾಯಿ ತೆರೆದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಥೂ ನನ್ನ ಜನ್ಮಕ್ಕೆ.

ಹತ್ತು ದಿನವೂ ಆಗಿರಲಿಲ್ಲ. ಅಮ್ಮನ ಅಕ್ಕ, ನಮ್ಮ ಮೌಶಿ, ರಾಯಚೂರಿನಿಂದ ಕಾಚಿಗೂಡ ಸ್ಟೇಷನ್ನಿಗೆ ಬಂದಿಳಿದಳು. ಮಧ್ಯಾಹ್ನ ಅಮ್ಮನ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತವಳು ಮೂಗು ಅರಳಿಸಿದಳು.

"ಅಯ್ಯ ರಾಮಾ! ಉಳ್ಳಾಗಡ್ಡಿ ವಾಸನಿ ಬರ್ಲಿಕತ್ತದಲ್ಲೇ, ನಿನ್ನ ತಾಟಿನಾಗಿಂದ."

ಅಮ್ಮ ನಕ್ಕಳು. "ನಮ್ಮ ಮನ್ಯಾಗ ಎಲ್ಲಿ ಉಳ್ಳಾಗಡ್ಡಿ? ನಿನಗೂ ವಯಸ್ಸಾತು." ಹಾಗೆಂದು ನನ್ನ ಮುಖ ನೋಡಿದಳು. ನಗು ನಿಂತಿತು.

ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. "ಹೌದು, ಹಾಕೀನಿ!" ಎಂದು ಕಿರುಚಿದೆ. "ನಿನ್ನ ವ್ರತಾ ಈ ನಡುಕಾ ನಿಲ್ಲಸ್ತದೇನು?"

"ನಿನ್ನ ಪುಡಿ ನಿಲ್ಲಸ್ತದೇನು?"

ಉತ್ತರ ನನಗೆ ಗೊತ್ತಿತ್ತು. ಪ್ರಯೋಗದ ತಟ್ಟೆಯ ಕೋಶಕ್ಕೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ. ಉಂಡದ್ದರಲ್ಲಿ ಮಿದುಳು ತಲುಪುವುದೆಷ್ಟೋ ಯಾರಿಗೆ ಗೊತ್ತು. ಅವಳಲ್ಲಿ ಸತ್ತ ಕೋಶಗಳಂತೂ ಎಂದೋ ಸತ್ತಿದ್ದವು.

"ಇಲ್ಲ," ಎಂದೆ.

"ಗೊತ್ತಿದ್ದೂ ಹಾಕಿದಿ?"

ನನಗೆ ಗೆಲ್ಲಬೇಕಿತ್ತು, ಅದಕ್ಕೇ ಹಾಕಿದ್ದೆ. ಅಮ್ಮ ಅಕ್ಕನ ಕೈಯಿಂದ ನೀರು ತರಿಸಿಕೊಂಡು ಬಾಯಿ ಮುಕ್ಕಳಿಸಿದಳು, ಮತ್ತೆ ಮತ್ತೆ.

ಮೌಶಿ ಊರಿಗೆ ಹೋಗಲೇ ಇಲ್ಲ, ಉಣ್ಣಿಸಲು ನಿಂತುಬಿಟ್ಟಳು. ಅವಳಿಗೆ ಜ್ವರ ಬಂದಾಗ ಅಮ್ಮ ಕೆಲಸದ ತೆಲುಗು ಹೆಂಗಸಿನ ಕೈಯಿಂದ ಉಂಡಳು, ಮಡಿಯನ್ನೇ ಬಿಟ್ಟು. ನಾನು ಹತ್ತಿರ ಹೋದರೆ ಸಾಕು, "ಹೊಟ್ಟಿ ತುಂಬೇದ" ಎನ್ನುತ್ತಿದ್ದಳು. ಎರಡು ವರ್ಷ ಹೀಗೇ.

ಕೊನೆಯ ದಿನ ಅಮ್ಮನ ಮಾತು ನಿಂತಿತ್ತು. ಮೌಶಿ ಗಂಗಾಜಲದ ಉದ್ಧರಣೆ ಚಮಚವನ್ನು ನನ್ನ ಕೈಗಿತ್ತು, "ಮಗಳು ನೀನು, ಹಾಕು" ಎಂದಳು. ತುಟಿಗೆ ಹಿಡಿದೆ. ಅಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿ ಹಲ್ಲು ಕಚ್ಚಿದಳು. ನೀರು ಗದ್ದದಿಂದ ದಿಂಬಿಗೆ ಇಳಿಯಿತು. ಮೌಶಿ ಉದ್ಧರಣೆ ಇಸಿದುಕೊಂಡಳು, ಅಮ್ಮ ಬಾಯಿ ತೆರೆದಳು.