ತಂಗಿಯ ಖಾತೆಯಿಂದ ಹೋದ ಮೇಲ್

ನಮ್ಮ ಕನ್ನಡಕದ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಪೋಸ್ಟಕ್ಕ ಎನ್ನುತ್ತಾರೆ. ನಾನು ಲೆನ್ಸ್ ಉಜ್ಜುವ ಮೇಜಿನ ಪಕ್ಕದಲ್ಲೇ ಅವಳ ಕಂಪ್ಯೂಟರ್. ಅಂಗಡಿಯ ಮೇಲ್, ಲೆನ್ಸ್ ತರಿಸುವ ಮೇಲ್, ಯಜಮಾನರದು, ತನ್ನದು ಎಲ್ಲವನ್ನೂ ಒಂದೇ ಪ್ರೋಗ್ರಾಮಿಗೆ ಸೇರಿಸಿ, ಒಂದೊಂದಕ್ಕೂ ಒಂದು ಬಣ್ಣ ಕೊಟ್ಟಿದ್ದಾಳೆ. ಯಜಮಾನರಿಗೆ ತಮ್ಮ ಪಾಸ್‌ವರ್ಡೂ ನೆನಪಿಲ್ಲ. ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡು ಅಂಗಡಿಯೆಲ್ಲ ಹುಡುಕುವ ಮನುಷ್ಯ, ಇನ್ನೇನು ನಿರೀಕ್ಷಿಸೋಣ?

ಹಸಿರು ಬಣ್ಣದ ಖಾತೆ ಮಾತ್ರ ಅಂಗಡಿಯದಲ್ಲ, ಪೋಸ್ಟಕ್ಕನ ತಂಗಿಯದು. ಗಂಡನ ಹೊಡೆತ ತಾಳಲಾರದೆ ತಂಗಿ ಮನೆ ಬಿಟ್ಟು, ಬೇರೆ ಊರಿನ ಹಾಸ್ಟೆಲ್ಲಿನಲ್ಲಿ ಅಡಗಿದ್ದಳು. ಹಿಂದಿನ ಫೋನನ್ನು ಅವನು ದಿನಾ ಜಾಲಾಡುತ್ತಿದ್ದನಂತೆ. ಹಾಗಾಗಿ ಫೋನಿನಲ್ಲಿ ಮೇಲ್ ಇಟ್ಟುಕೊಳ್ಳಲೂ ಅವಳಿಗೆ ಹೆದರಿಕೆ. ಹೊಸ ಖಾತೆ ತೆರೆದು, ಅವಳ ಪರವಾಗಿ ಕೆಲಸಕ್ಕೆ ಅರ್ಜಿ ಹಾಕುವುದೆಲ್ಲ ಅಕ್ಕನೇ. ಪ್ರತಿ ಅರ್ಜಿಯ ಕೆಳಗೂ ಹಾಸ್ಟೆಲ್ಲಿನ ವಿಳಾಸ ತಾನಾಗಿ ಬಂದು ಕೂರುವಂತೆ ಮಾಡಿದ್ದಳು. ಅದನ್ನು ಹೆಮ್ಮೆಯಿಂದ ನನಗೆ ತೋರಿಸಿಯೂ ಇದ್ದಳು.

ಆ ಗಂಡ ಎನ್ನುವವನು ಅಕ್ಕನಿಗೆ ಮೇಲಿಂದ ಮೇಲೆ ಬರೆಯುತ್ತಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. 'ಅಕ್ಕಾ, ಅವಳು ಎಲ್ಲಿದ್ದಾಳೆ ಅಂತ ಹೇಳಿ, ಸಾಕು.' ಅವನನ್ನು ನಾನೊಮ್ಮೆ ಕಂಡಿದ್ದೇನೆ. ಅಂಗಡಿಗೆ ಬಂದು, ನಗುನಗುತ್ತಾ ಮಾತಾಡುತ್ತಲೇ, ಮೇಜಿನ ಮೇಲಿದ್ದ ಫ್ರೇಮೊಂದನ್ನು ಬಗ್ಗಿಸಿ ಬಗ್ಗಿಸಿ ಮುರಿದು, ಹಾಗೇ ಇಟ್ಟು ಹೋದ. ನನಗೆ ಮೈ ಉರಿಯಿತು. ಆದರೂ ತುಂಡುಗಳನ್ನು ಆಯ್ದು ಡಬ್ಬಿಗೆ ಹಾಕಿದೆ, ಅಷ್ಟೇ. ನನಗೂ ಹೆದರಿಕೆಯೇ ಆಗಿತ್ತು.

ಒಂದು ಮಧ್ಯಾಹ್ನ ತಂಗಿಯ ಮೇಲ್ ನೋಡುತ್ತಾ ಕೂತಿದ್ದ ಪೋಸ್ಟಕ್ಕ ಇದ್ದಕ್ಕಿದ್ದಂತೆ, "ಅವನಿಗೊಂದು ಉತ್ತರ ಬಿಸಾಕ್ಬಿಡ್ತೀನಿ, ಪೀಡೆ ತೊಲಗ್ಲಿ" ಎಂದಳು. ಅವನ ಮೇಲ್ ತೆರೆದು 'ರಿಪ್ಲೈ' ಒತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಅವನ ಮಾತು ತನ್ನ ಮಾತಿನ ಕೆಳಗೆ ನೇತಾಡುವುದೂ ಅವಳಿಗೆ ಅಸಹ್ಯ. ಕೂತಲ್ಲೇ ಹೊಸದಾಗಿ ಬರೆದಳು: 'ನನ್ನ ತಂಗಿ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಇನ್ನು ಬರೆಯಬೇಡಿ.' ಕಳಿಸಿ, ನಿಟ್ಟುಸಿರು ಬಿಟ್ಟಳು.

ಆಮೇಲೆ ಕಳಿಸಿದ್ದನ್ನು ಮತ್ತೊಮ್ಮೆ ಓದಲು ಹೋದರೆ, ಅವಳ ಖಾತೆಯಲ್ಲಿ ಅದಿಲ್ಲ. ಹಸಿರಿನಲ್ಲಿದೆ. ತೆರೆದಿದ್ದು ಯಾವ ಖಾತೆಯೋ, ಹೊಸ ಮೇಲ್ ಅದರಿಂದಲೇ ಹೊರಟಿತ್ತು. ಕೆಳಗೆ ತಂಗಿಯ ಹೆಸರು, ಹಾಸ್ಟೆಲ್ಲು, ಬೀದಿ, ಎಲ್ಲ.

"ಅಯ್ಯೋ, ನಾನೇ ತೋರಿಸ್ಕೊಟ್ಬಿಟ್ಟೆ ಕಣೋ!"

ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ತಂಗಿಯ ನಂಬರನ್ನು ನಾನೇ ಒತ್ತಿಕೊಡಬೇಕಾಯಿತು. "ಉಟ್ಟ ಬಟ್ಟೇಲೇ ಹೊರಡು. ಏನೂ ಕೇಳ್ಬೇಡ, ಹೊರಡು" ಎಂದಳು. ಅಕ್ಕನ ಮನೆ ಅವನಿಗೆ ಗೊತ್ತು. ಅದಕ್ಕೇ ಬಸ್ ನಿಲ್ದಾಣದಿಂದ ತಂಗಿಯನ್ನು ನಮ್ಮ ಮನೆಗೇ ಕರೆತಂದೆ. ಅಮ್ಮ ಒಂದು ಮಾತೂ ಕೇಳದೆ ಹಾಸಿಗೆ ಹಾಸಿದಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬರುತ್ತಿದ್ದೆ.

ಮರುದಿನ ಅಂಗಡಿ ತೆರೆದಾಗ ಹಸಿರು ಖಾತೆಯಲ್ಲಿ ಅವನ ಉತ್ತರ ಬಂದು ಕೂತಿತ್ತು. 'ಆಯ್ತು ಅಕ್ಕಾ. ಗೊತ್ತಾದಾಗ ತಿಳಿಸಿ.'

"ನೋಡ್ಲಿಲ್ಲ ಅನ್ಸತ್ತೆ ಅಲ್ವೇನೋ?" ಪೋಸ್ಟಕ್ಕ ನನ್ನ ತೋಳು ಹಿಡಿದಳು. "ಅಕ್ಕಾ ಅಂತಾನೇ ಬರ್ದಿದಾನೆ ನೋಡು. ಯಾರ ಖಾತೆ ಅಂತ ಗಮನಿಸೇ ಇಲ್ಲ."

"ಇಲ್ಲ ಅಕ್ಕ, ನೋಡಿಲ್ಲ" ಎಂದೆ. ಹಾಗೆಂದು ನಂಬಬೇಕೆಂದು ನನಗೂ ಆಸೆಯಾಗಿತ್ತು.

ಅಷ್ಟರಲ್ಲಿ ಹಾಸ್ಟೆಲ್ಲಿನ ವಾರ್ಡನ್ ಫೋನ್ ಮಾಡಿದರು. "ನಿಮ್ಮ ತಂಗಿ ರಾತ್ರಿ ಬರ್ಲೇ ಇಲ್ವಲ್ಲಮ್ಮ? ಸಂಜೆ ಅವರನ್ನ ಕೇಳ್ಕೊಂಡು ಯಾರೋ ಬಂದಿದ್ರು. ತುಂಬಾ ಒಳ್ಳೆಯವರು, ನಗ್ತಾ ನಗ್ತಾ ಮಾತಾಡಿದ್ರು. ಆದ್ರೆ ಅದೇನು ಅಭ್ಯಾಸವೋ, ಮಾತಾಡ್ತಾನೇ ನನ್ನ ಪೆನ್ನು ಬಗ್ಗಿಸಿ ಮುರಿದಿಟ್ಟು ಹೋದ್ರು."